ಮಕ್ಕಳಿಗೆ ಪರಿಸರ ಪಾಠ: ಕೊಟ್ಟಿಗೆಯಿಂದಲೇ ಆರಂಭಿಸೋಣ



ಪ್ರತಿ ವರ್ಷ ಜೂನ್ 5ರಂದು ಶಾಲೆಗಳಲ್ಲಿ ವಿಶ್ವ ಪರಿಸರ ದಿನ ನಡೆಯುತ್ತದೆ. 1973ರಿಂದ ನಡೆದುಬಂದಿರುವ ಆಚರಣೆ ಇದು. ಮಕ್ಕಳು ಸಸಿ ನೆಡುತ್ತಾರೆ, ಘೋಷಣೆ ಕೂಗುತ್ತಾ ಬೀದಿಯಲ್ಲಿ ಸಾಗುತ್ತಾರೆ. ಸಂಜೆ ಮನೆಗೆ ಬಂದ ಅದೇ ಮಗುವಿನ ಕೈಗೆ ನಾವು ಉಳಿದ ಅನ್ನ, ತರಕಾರಿ ಸಿಪ್ಪೆ ತುಂಬಿದ ಕವರು ಕೊಟ್ಟು "ತಿಪ್ಪೆಗೆ ಎಸೆದು ಬಾ" ಎನ್ನುತ್ತೇವೆ. ಇವೆರಡರಲ್ಲಿ ಮಗು ಕಲಿಯುವ ಪಾಠ ಯಾವುದು?

ಕಳೆದ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ಮೂರನೇ ಸೂಲಿನ ಮಿಶ್ರತಳಿ ಹಸು ಇತ್ತು. ಸಾಲ ಮಾಡಿ ತಂದ ರಾಸು. ಬಟವಾಡೆಯಲ್ಲಿ ಕಂತು ಮುರಿದುಕೊಳ್ಳುತ್ತಿದ್ದರು. ಹಸು ಮೇವು ಬಿಡುತ್ತಾ ಬಂತು, ಹಾಲು ಇಳಿಯಿತು, ಎಡಪಕ್ಕೆ ಆಗಾಗ ಉಬ್ಬುತ್ತಿತ್ತು. ನಾನೂ ಎರಡು ಬಾರಿ ಅಜೀರ್ಣವೆಂದೇ ಔಷಧಿ ಕೊಟ್ಟೆ. ಮೂರನೇ ಬಾರಿ ಅನುಮಾನ ಬಂದು ಹೊಟ್ಟೆ ಕುಯ್ದು ನೋಡಿದಾಗ, ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ ಚೀಲಗಳು ಬುಟ್ಟಿಗಟ್ಟಲೆ ಹೊರಬಂದವು. ತೂಗಿದರೆ 22 ಕೆ.ಜಿ.!

ಸುತ್ತ ನಿಂತಿದ್ದ ಮಕ್ಕಳಲ್ಲಿ ಆ ಮನೆಯ ಹುಡುಗಿಯೂ ಇದ್ದಳು. ಐದನೇ ತರಗತಿ. ಬೆಳಿಗ್ಗೆ ಸಂಘಕ್ಕೆ ಹಾಲು ತರುವವಳು ಅವಳೇ. ರಾಶಿಯನ್ನೇ ನೋಡುತ್ತಿದ್ದವಳು, "ಡಾಕ್ಟ್ರೇ, ಆ ನೀಲಿ ಕವರು ನಮ್ಮನೇದು. ಹಂಗಾದ್ರೆ ನಾವೇನಾ ಇದಕ್ಕೆ ತಿನ್ನಿಸಿದ್ದು?" ಎಂದಳು. ಅವರಪ್ಪ "ಸುಮ್ನಿರವ್ವ" ಎಂದು ತಲೆ ತಗ್ಗಿಸಿದರು. ನನಗೂ ಉತ್ತರ ಹೊರಡಲಿಲ್ಲ. ರಾಸು ತೀರ ಸೋತುಹೋಗಿತ್ತು. ನಾಲ್ಕನೇ ದಿನ ಸತ್ತಿತು. ಆ ಮಗುವಿನ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ರಾಸಿನ ಹೊಟ್ಟೆಯಲ್ಲಿ ಆಗುವುದೇನು?

ಹಸು ನಮ್ಮಂತೆ ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಸೆಳೆದು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಅನ್ನ, ಉಪ್ಪಿನ ರುಚಿ ಹತ್ತಿದ ಕವರನ್ನು ಕವರಿನ ಸಮೇತ ನುಂಗುತ್ತದೆ. ರಂಜಕದ ಕೊರತೆಯಿರುವ ರಾಸುಗಳಂತೂ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಿನ ಚೀಲಕ್ಕೂ ಸಾಗುವುದಿಲ್ಲ. ಮೊದಲ ಚೀಲದಲ್ಲೇ ಗಂಟಾಗಿ ಮೇವಿನ ಜಾಗ ತಿನ್ನುತ್ತದೆ. ಇದನ್ನು ಕರಗಿಸುವ ಔಷಧಿ ಯಾವುದೂ ಇಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಕವರಿನ ಜೊತೆಗೆ ಮೊಳೆ, ತಂತಿ ಹೋದರೆ ಅದು ಎರಡನೇ ಚೀಲದಿಂದ ಹೃದಯದವರೆಗೂ ಚುಚ್ಚಬಹುದು.

ತೆಳು ಪ್ಲಾಸ್ಟಿಕ್ ಚೀಲಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ. ಆದರೂ ನಮ್ಮ ತಿಪ್ಪೆಗಳಲ್ಲಿ ಚೀಲಗಳು ಇವೆ. ಕಾನೂನಿನ ಕೆಲಸ ಮನೆಯ ಅಭ್ಯಾಸದಿಂದಲೇ ಪೂರ್ಣವಾಗಬೇಕು. ಅಭ್ಯಾಸ ಬೇರೂರುವುದು ಎಳೆ ವಯಸ್ಸಿನಲ್ಲಿ. ಅದಕ್ಕಾಗಿ ಕೊಟ್ಟಿಗೆಯಲ್ಲೇ ಕಲಿಸಬಹುದಾದ ನಾಲ್ಕು ಪಾಠಗಳು ಇಲ್ಲಿವೆ.

ಪಾಠ 1: ಒಂದು ಗೋಣಿಚೀಲ

ಅಡುಗೆಮನೆಯ ಹಿಂಬಾಗಿಲಿಗೆ ಒಂದು ಗೋಣಿಚೀಲ ತೂಗುಹಾಕಿ. ಮನೆಗೆ ಬಂದ ಕವರು, ಹಾಲಿನ ಖಾಲಿ ಪೊಟ್ಟಣ, ಔಷಧಿಯ ಪಟ್ಟಿ ಎಲ್ಲವೂ ಅದಕ್ಕೇ ಬೀಳಲಿ. ಮೇಲ್ವಿಚಾರಣೆ ಮಗುವಿನದು, ತಪ್ಪಿದ ದೊಡ್ಡವರನ್ನು ಕೇಳುವ ಹಕ್ಕೂ ಅದಕ್ಕಿರಲಿ. ಚೀಲ ತುಂಬಿದಾಗ ಪಂಚಾಯಿತಿಯ ಕಸದ ಗಾಡಿಗೆ ಕೊಡಿ, ಸುಡಬೇಡಿ. ಮುಸುರೆ ಹಾಕುವುದಾದರೆ ಬಾನಿಗೇ ಸುರಿಯಿರಿ. ಜೊತೆಗೆ, ಹಾಲು ಕರೆಯುವ ರಾಸಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ.

ಪಾಠ 2: ಸಗಣಿಯ ಕೆಳಗಿನ ಪ್ರಪಂಚ

ಮಳೆಗಾಲದಲ್ಲಿ ಹೊಲದ ಅಂಚಿಗೆ ಬಿದ್ದ ಒಂದು ಸಗಣಿಯನ್ನು ಎತ್ತದೆ ಬಿಡಿ. ಪ್ರತಿದಿನ ಮಕ್ಕಳು ಕಡ್ಡಿಯಿಂದ ಕೆದಕಿ ನೋಡಲಿ. ಸಗಣಿ ಹುಳುಗಳು ಅದನ್ನು ಉಂಡೆ ಮಾಡಿ, ನೆಲಕ್ಕೆ ಇಳಿಸಿ, ಮಣ್ಣಿಗೆ ಗಾಳಿ, ಗೊಬ್ಬರ ಎರಡನ್ನೂ ಕೊಡುವುದು ಕಾಣುತ್ತದೆ.

ಈ ಹುಳುವಿನ ಬೆಲೆ ತಿಳಿಯಲು ಆಸ್ಟ್ರೇಲಿಯಾದ ಕಥೆ ಹೇಳಿ. ಅಲ್ಲಿಗೆ ದನಗಳು ಬಂದದ್ದು 1788ರಲ್ಲಿ. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತೇ ಹೊರತು ದನದ ಸಗಣಿ ಗೊತ್ತಿರಲಿಲ್ಲ. ಸಗಣಿ ನೆಲದ ಮೇಲೆ ಒಣಗಿ ಹುಲ್ಲು ಮುಚ್ಚಿತು, ನೊಣ ಹೆಚ್ಚಿತು. ಕೊನೆಗೆ ಜಾರ್ಜ್ ಬೊರ್ನೆಮಿಸ್ಸಾ ಎಂಬ ವಿಜ್ಞಾನಿಯ ಸಲಹೆಯಂತೆ 1960ರ ದಶಕದ ಕೊನೆಯಿಂದ ಹೊರದೇಶಗಳ ಸಗಣಿ ಹುಳುಗಳನ್ನು ತರಿಸಿ ಬಿಡಬೇಕಾಯಿತು. ಅವರು ಹಣ ಕೊಟ್ಟು ತರಿಸಿದ ಸೇವೆ ನಮ್ಮ ಹೊಲದಲ್ಲಿ ಪುಕ್ಕಟೆ ಸಿಗುತ್ತಿದೆ. ಕೆಲವು ಜಂತುನಾಶಕಗಳು ಸಗಣಿಯಲ್ಲಿ ಹೊರಬಂದು ಈ ಹುಳುಗಳ ಮರಿಗಳನ್ನು ಕೊಲ್ಲುತ್ತವೆ. ಆದ್ದರಿಂದ ವೈದ್ಯರನ್ನು ಕೇಳಿಯೇ ಜಂತಿನ ಔಷಧಿ ಹಾಕಿ.

ಪಾಠ 3: ಕರುವಿಗೊಂದು ಗಿಡ

ಮನೆಯಲ್ಲಿ ಕರು ಹುಟ್ಟಿದಾಗ ಮಗುವಿನ ಕೈಯಿಂದ ಒಂದು ಮೇವಿನ ಗಿಡ ನೆಡಿಸಿ: ಅಗಸೆ, ಹಾಲವಾಣ, ಗ್ಲಿರಿಸಿಡಿಯಾ ಯಾವುದಾದರೂ ಆದೀತು. ಸೂಬಾಬುಲ್ ಹಾಕಿದರೆ ಅದರ ಸೊಪ್ಪು ಹಸಿರು ಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಸುತ್ತ ಮುಳ್ಳು ಕಟ್ಟುವುದೂ ಬೇಸಿಗೆಯಲ್ಲಿ ನೀರೆರೆಯುವುದೂ ಮಗುವಿನ ಕೆಲಸ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಆಲದ ಸಾಲನ್ನು ಸಾಲುಮರದ ತಿಮ್ಮಕ್ಕ ದಂಪತಿ ಬೆಳೆಸಿದ್ದು ಹೀಗೆಯೇ, ಕೊಡದಲ್ಲಿ ನೀರು ಹೊತ್ತು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂತು. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ವರ್ಷಗಳ ಕೆಲಸ ಎಂಬುದನ್ನು ಮಕ್ಕಳು ಇದರಿಂದ ತಿಳಿಯಲಿ.

ಪಾಠ 4: ಹದ್ದು ಎಲ್ಲಿ ಹೋಯಿತು?

ನಾನು ಚಿಕ್ಕವನಿದ್ದಾಗ ಊರಾಚೆ ದನ ಸತ್ತರೆ ರಣಹದ್ದುಗಳು ಇಳಿಯುತ್ತಿದ್ದವು. ಇಂದಿನ ಮಕ್ಕಳು ಅವನ್ನು ಚಿತ್ರದಲ್ಲಷ್ಟೇ ನೋಡಿದ್ದಾರೆ. ದನಗಳಿಗೆ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಸತ್ತ ರಾಸಿನ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆಂದು 2004ರಲ್ಲಿ ತಿಳಿಯಿತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದ್ದುಗಳು ಹೋಗಿದ್ದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗೂ ನಿಷೇಧ ಬಂತು. ಮೆಲಾಕ್ಸಿಕಾಂ ಹದ್ದಿಗೆ ಅಪಾಯವಿಲ್ಲದ ಔಷಧಿ. ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಧಾಮವೆಂದು ಘೋಷಿಸಿದ್ದಾರೆ. ಶಾಲಾ ಪ್ರವಾಸಕ್ಕೆ ಒಳ್ಳೆಯ ಜಾಗ. ಮನುಷ್ಯರ ಡೈಕ್ಲೋಫೆನಾಕ್ ತಂದು ರಾಸಿಗೆ ಚುಚ್ಚಿಸಬೇಡಿ. ಒಂದು ಸೂಜಿಮದ್ದಿನಿಂದ ಆಕಾಶದ ಹಕ್ಕಿ ಸಾಯಬಹುದೆಂದು ತಿಳಿದ ಮಗು ಮುಂದೆ ಯಾವುದನ್ನೂ "ಇಷ್ಟರಿಂದ ಏನಾದೀತು" ಎನ್ನುವುದಿಲ್ಲ.

ಮಕ್ಕಳ ಬಗ್ಗೆ ಎಚ್ಚರಿಕೆ

• ಸಗಣಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಿ.
• ಕಂದು ಹಾಕಿದ ರಾಸಿನ ಬಳಿಗೆ, ಕಸ (ಮಾಸು) ಇರುವಲ್ಲಿಗೆ ಮಕ್ಕಳನ್ನು ಬಿಡಬೇಡಿ. ಮಾಸನ್ನು ಕೆರೆಗೆ ಎಸೆಯದೆ ಆಳವಾಗಿ ಹೂಳಿ.
• ಕಾಂಗ್ರೆಸ್ ಕಳೆ ಕೀಳುವ ಕೆಲಸ ಮಕ್ಕಳಿಗೆ ಬೇಡ. ಚರ್ಮಕ್ಕೂ ಉಸಿರಿಗೂ ತೊಂದರೆ.

ಈ ವಾರ ಮಕ್ಕಳಿಗೆ ಕೇಳಿ

1. ನಮ್ಮ ಹಸು ದಿನಕ್ಕೆ ಎಷ್ಟು ಬಕೆಟ್ ನೀರು ಕುಡಿಯುತ್ತದೆ? (ಎಣಿಸಿ ಗೋಡೆಯ ಮೇಲೆ ಗೆರೆ ಎಳೆಯಲಿ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ.)
2. ಆ ನೀರು ಎಲ್ಲಿಂದ ಬಂತು? ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?
3. ಮೇಯುವ ದನದ ಹಿಂದೆ ಬೆಳ್ಳಕ್ಕಿ ಏಕೆ ನಡೆಯುತ್ತದೆ?
4. ನಮ್ಮ ತಿಪ್ಪೆಯಲ್ಲಿ ಕೊಳೆಯದೆ ಉಳಿದ ವಸ್ತುಗಳು ಯಾವುವು?

ಉತ್ತರವನ್ನು ನೀವು ಹೇಳಬೇಡಿ. ಮಗುವಿನ ಜೊತೆ ಹೋಗಿ ನೋಡಿ.

ಆ ಮನೆಗೆ ಈಚೆಗೆ ಹೋಗಿದ್ದೆ. ಸತ್ತ ಹಸುವಿನ ಕಂತು ಇನ್ನೂ ತೀರಿಲ್ಲ. ಅದರ ಹೆಣ್ಣುಗರು ಕೊಟ್ಟಿಗೆಯಲ್ಲಿ ಬೆಳೆಯುತ್ತಿದೆ. ಹಿಂಬಾಗಿಲಲ್ಲಿ ಗೋಣಿಚೀಲ ತೂಗುತ್ತಿತ್ತು. ನಾನು ಸೂಜಿಮದ್ದಿನ ಪೊಟ್ಟಣ ಹರಿದು ಅಂಗಳದಲ್ಲಿ ಬಿಟ್ಟಿದ್ದೆ. ಹುಡುಗಿ ಅದನ್ನೆತ್ತಿ ನನ್ನ ಕೈಗೇ ಕೊಟ್ಟು, "ಡಾಕ್ಟ್ರೇ, ಚೀಲ ಅಲ್ಲದೆ" ಎಂದಳು.

ಬೆಳೆಯುವ ಸಿರಿ ಮೊಳಕೆಯಲ್ಲಿ. ಮಕ್ಕಳಿಗೆ ಕಲಿಸೋಣ, ಅವರಿಂದ ನಾವೂ ಕಲಿಯೋಣ.

– ಪಶುವೈದ್ಯ ವಿಸ್ತರಣಾಧಿಕಾರಿ