ಉಸಿರು ಎಲ್ಲಿ ಸೋರಲಿಕತ್ತದ ನೋಡು

ಹುಕ್ಕೇರಿ

ಮೊಮ್ಮಗಳೇ,

ನಿನ್ನೆ ರಾತ್ರಿ ನೀನು ಮೂಡಲಗಿಯಿಂದ ಫೋನ್ ಮಾಡಿ, "ಅಜ್ಜಾ, ಹೊಸಾ ಪೇಟಿ ಸತ್ತು ಹೋತು" ಅಂದು ಅತ್ತ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನೀನು ಪೇಟಿ ಎನ್ನುವ ಆ ಮಿಡಿ ಕೀಬೋರ್ಡನ್ನು ಟ್ಯಾಬ್ಲೆಟ್ಟಿಗೆ ಚುಚ್ಚಿದೊಡನೆ ಅದರ ದೀಪ ಒಮ್ಮೆ ಮಿನುಗಿ ಆರಿತು. ಕಾಕಾ ಕೊಟ್ಟ ಹಳೆಯ ಐಪ್ಯಾಡ್, ಇದಕ್ಕೆ ಬೇಕಾದಷ್ಟು ಕರೆಂಟು ಕೊಡಲು ನನ್ನಿಂದಾಗದು ಎಂದು ಇಂಗ್ಲಿಷಿನಲ್ಲಿ ತೋರಿಸಿ ಕೈತೊಳೆದುಕೊಂಡಿತು. ಯವ್ವಾ, ಅದು ಸತ್ತಿಲ್ಲ, ಹಸಿದಿದೆ. ಫೋನಿನಲ್ಲಿ ಹೇಳಿದ್ದು ಅಳುವಿನಲ್ಲಿ ಕೊಚ್ಚಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಎದುರಿಗಿಟ್ಟುಕೊಂಡು ಒಂದೊಂದೇ ಮಾಡು.

ಮೊದಲು ನನ್ನ ಒಂದು ಫಜೀತಿ ಕೇಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಪಾರಿಜಾತದಾಟಕ್ಕೆ ಹಾರ್ಮೋನಿಯಂ ಪೇಟಿ ನುಡಿಸಲು ಕೂತಿದ್ದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವೆಂದರೆ ನಮ್ಮ ಸೀಮೆಯವರಿಗೆ ಮನೆಯ ಆಸ್ತಿ, ಜನ ತಪ್ಪು ಹಿಡಿಯಲೆಂದೇ ಕಿವಿ ನಿಮಿರಿಸಿ ಕೂಡುತ್ತಾರೆ. ಕೊರವಂಜಿ ಬರುವ ಹೊತ್ತಿಗೆ ಪೇಟಿಯ ಧ್ವನಿ ಕುಗ್ಗತೊಡಗಿತು. ನಾನು ಸ್ವರದ ಮನೆಗಳನ್ನು ಇನ್ನಷ್ಟು ಒತ್ತಿದೆ. ಉಗುರು ಬೆಳ್ಳಗಾದವು, ಸ್ವರ ಮಾತ್ರ ಏಳಲಿಲ್ಲ. ಪಕ್ಕದಲ್ಲಿದ್ದ ತಾಳದ ಹಿರಿಯರು ಪೇಟಿಯ ಬೆನ್ನಿಗೆ ಕೈಯಾಡಿಸಿ, ತಿದಿಯ ಮಡಿಕೆ ಬಿಟ್ಟ ಕಡೆ ಬೆರಳಿಟ್ಟರು. "ಬಟ್ಟಿಗೆ ಯಾಕ ತ್ರಾಸ ಕೊಡ್ತಿ? ಉಸಿರು ಎಲ್ಲಿ ಸೋರಲಿಕತ್ತದ ನೋಡು" ಅಂದರು. ಮಂಗಳಾರತಿಯತನಕ ಆ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಮರುದಿನ ಮೈದಾಹಿಟ್ಟಿನ ಅಂಟು ಕಾಯಿಸಿ ಬಟ್ಟೆ ಹಚ್ಚಿದೆ. ಮುಂದೆ ಇಲ್ಲಿಯ ವಿದ್ಯುತ್ ಸೊಸೈಟಿಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತುವಾಗಲೂ ಆ ಒಂದು ಮಾತೇ ನನಗೆ ಅನ್ನ ಹಾಕಿತು.

ನಿನ್ನ ಪೇಟಿಗೆ ತಿದಿ ಇಲ್ಲ, ರೀಡುಗಳೂ ಇಲ್ಲ. ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ ಎಂಬ ಸುದ್ದಿಯನ್ನಷ್ಟೇ ಅದು ಟ್ಯಾಬ್ಲೆಟ್ಟಿಗೆ ಮುಟ್ಟಿಸುತ್ತದೆ. ಧ್ವನಿ ಹುಟ್ಟುವುದು ಟ್ಯಾಬ್ಲೆಟ್ಟಿನೊಳಗೆ. 1983ರಿಂದ ಜಗತ್ತಿನ ಎಲೆಕ್ಟ್ರಾನಿಕ್ ವಾದ್ಯಗಳು ಒಪ್ಪಿ ಆಡುತ್ತಿರುವ ಈ ಸುದ್ದಿಯ ಭಾಷೆಗೇ ಮಿಡಿ ಎಂದು ಹೆಸರು. ಆದರೆ ಸುದ್ದಿ ಒಯ್ಯುವ ಆಳಿಗೂ ಹೊಟ್ಟೆಗೆ ಬೇಕಲ್ಲ? ಅದನ್ನು ನಿನ್ನ ಕೀಬೋರ್ಡು ಅದೇ ವೈರಿನಿಂದ ಎಳೆದುಕೊಳ್ಳುತ್ತದೆ.

ಗೋಕಾಕ ಫಾಲ್ಸ್ ನೆನೆಸಿಕೋ. ಮಳೆಗಾಲದಲ್ಲಿ ಘಟಪ್ರಭೆ ತೂಗುಸೇತುವೆಯನ್ನೇ ನಡುಗಿಸುತ್ತಾಳೆ, ಬೇಸಿಗೆಯಲ್ಲಿ ಅದೇ 52 ಮೀಟರ್ ಬಂಡೆಯ ಮೇಲಿಂದ ಎಳೆಯಾಗಿ ಇಳಿಯುತ್ತಾಳೆ. ಎತ್ತರ ಬದಲಾಗಿಲ್ಲ, ನೀರು ಬದಲಾಗಿದೆ. ಎತ್ತರವೆಂದರೆ ವೋಲ್ಟು, ನೀರೆಂದರೆ ಆಂಪಿಯರು. 1887ರಲ್ಲೇ ಅಲ್ಲಿ ನೀರಿನಿಂದ ವಿದ್ಯುತ್ ತೆಗೆದರೆಂದು ಹೆಮ್ಮೆಪಡುತ್ತೇವಲ್ಲ, ಅವರಿಗೂ ಬಂಡೆ ಮತ್ತು ಪ್ರವಾಹ ಎರಡೂ ಬೇಕಿತ್ತು. ಯುಎಸ್‌ಬಿ ಕಿಂಡಿಯ ಎತ್ತರ 5 ವೋಲ್ಟ್. ಕಂಪ್ಯೂಟರಿನ ಯುಎಸ್‌ಬಿ 2.0 ಕಿಂಡಿ 500 ಮಿಲಿಆಂಪಿಯರ್‌ವರೆಗೆ ಹರಿಸುತ್ತದೆ. ಹಳೆಯ ಟ್ಯಾಬ್ಲೆಟ್ ತನ್ನ ಬ್ಯಾಟರಿ ನಂಬಿ ಬದುಕುವ ಪ್ರಾಣಿ, ಅಷ್ಟು ಧಾರಾಳ ಅದಕ್ಕಿಲ್ಲ. ಅದರದು ಬೇಸಿಗೆಯ ಘಟಪ್ರಭೆ.

ಈಗ ಲೈನ್ ಹಿಡಿದು ನಡಿ. ಮೊದಲು ಕೀಬೋರ್ಡನ್ನು ಅಪ್ಪನ ಲ್ಯಾಪ್‌ಟಾಪಿಗೆ ಚುಚ್ಚು. ಅಲ್ಲಿ ದೀಪ ಹತ್ತಿ ಆರದೇ ಉಳಿದರೆ ಅದು ಗಟ್ಟಿಮುಟ್ಟಾಗಿದೆ, ಅಂಗಡಿಗೆ ವಾಪಸ್ ಒಯ್ಯುವ ಮಾತು ಬಿಡು. ಆಮೇಲೆ ವೈರು ಬದಲಿಸು. ಕೆಲವು ವೈರುಗಳಲ್ಲಿ ಚಾರ್ಜಿನ ತಂತಿ ಮಾತ್ರ ಇರುತ್ತದೆ, ಸುದ್ದಿ ಹೋಗುವ ತಂತಿಯೇ ಇರುವುದಿಲ್ಲ. ಆಗ ದೀಪ ಹತ್ತೀತು, ಸ್ವರ ಬಾರದು. ಇದ್ದದ್ದರಲ್ಲಿ ಗಿಡ್ಡ, ದಪ್ಪ ವೈರು ಆರಿಸು. ಲೈನಿನ ತುದಿಯ ಹೊಲದಲ್ಲಿ ಪಂಪ್‌ಸೆಟ್ಟಿನ ಮೋಟರು ಗುಂಯ್ ಅಂದು ತಿರುಗದೇ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ತಂತಿ ತೆಳುವಾಗಿ ದೂರ ಹೋದಷ್ಟೂ ವೋಲ್ಟೇಜು ದಾರಿಯಲ್ಲೇ ಸವೆಯುತ್ತದೆ. ನಿನ್ನ ಮೇಜಿನ ಮೇಲಿನ ಮೂರು ಮೀಟರ್ ವೈರಿಗೂ ಅದೇ ಕಾಯಿದೆ.

ಅಷ್ಟಕ್ಕೂ ಬಗ್ಗದಿದ್ದರೆ ನಡುವೆ ಒಂದು ಸಬ್‌ಸ್ಟೇಷನ್ ಬೇಕು. ಗೋಡೆಯಿಂದ ಕರೆಂಟು ತೆಗೆದುಕೊಳ್ಳುವ ಯುಎಸ್‌ಬಿ ಹಬ್ ಸಿಗುತ್ತದೆ. "ಪವರ್ಡ್ ಹಬ್" ಎಂದೇ ಕೇಳು, ಬರಿಯ ಹಬ್ ಇರುವ ಚೂರನ್ನೇ ನಾಲ್ಕು ಪಾಲು ಮಾಡುತ್ತದೆ. ಮೊದಲು ಹಬ್‌ಗೆ ಗೋಡೆಯ ಕರೆಂಟು ಕೊಡು, ಆಮೇಲೆ ಕೀಬೋರ್ಡ್ ಚುಚ್ಚು, ಹಬ್ಬನ್ನು ಟ್ಯಾಬ್ಲೆಟ್ಟಿಗೆ ಕೂಡಿಸುವ ಯುಎಸ್‌ಬಿ ಅಡಾಪ್ಟರ್ ಕೊನೆಗೆ. ಚಾರ್ಜರ್ ಚುಚ್ಚಲು ಇನ್ನೊಂದು ಕಿಂಡಿ ಇರುವ ಅಡಾಪ್ಟರ್ ಸಿಕ್ಕರೆ ಹಬ್ ಇಲ್ಲದೆಯೂ ಕೆಲಸ ಆದೀತು. ಕರೆಂಟು ಹೋದಾಗ ಪವರ್ ಬ್ಯಾಂಕ್ ಹಚ್ಚಬಹುದು. ಆದರೆ ಎಳೆತ ತೀರ ಕಡಿಮೆಯಾದರೆ ಎಷ್ಟೋ ಪವರ್ ಬ್ಯಾಂಕುಗಳು, ಯಾರೂ ಉಣ್ಣುತ್ತಿಲ್ಲ ಎಂದುಕೊಂಡು ತಾವೇ ಬಂದ್ ಆಗುತ್ತವೆ. ಊರ ಮುಂದೆ ನುಡಿಸುವ ಮೊದಲು ಮನೆಯಲ್ಲಿ ಅರ್ಧ ತಾಸು ನಡೆಸಿ ನೋಡು. ಸ್ಪೀಕರಿನಲ್ಲಿ ಗುಂಯ್‌ಗುಟ್ಟಿದರೆ ಟ್ಯಾಬ್ಲೆಟ್ಟಿನ ಚಾರ್ಜರ್ ಕಿತ್ತು ನೋಡು, ಬಹಳ ಸಲ ಕಳ್ಳ ಅಲ್ಲೇ ಇರುತ್ತಾನೆ. ನಿನ್ನ ಗೆಳತಿಯದು ಆಂಡ್ರಾಯ್ಡ್ ಅಂದಿಯಲ್ಲ, ಅವಳಿಗೆ ಓಟಿಜಿ ಅಡಾಪ್ಟರ್ ಬೇಕು. ಕೆಲವು ಫೋನುಗಳಲ್ಲಿ ಓಟಿಜಿಯನ್ನು ಸೆಟ್ಟಿಂಗಿನಲ್ಲಿ ಆನ್ ಕೂಡ ಮಾಡಬೇಕಾಗುತ್ತದೆ.

ಮುಂದೆ ಗೋಡೆಗೆ ಚುಚ್ಚುವ ಸ್ವಂತ ಅಡಾಪ್ಟರ್ ಇರುವ ದೊಡ್ಡ ಕೀಬೋರ್ಡು ತಂದರೆ ಟ್ಯಾಬ್ಲೆಟ್ಟಿನ ಮೇಲೆ ಅದರ ಹಸಿವಿನ ಭಾರ ಬೀಳದು. ಆದರೆ ಅಡಾಪ್ಟರ್ ಕಳೆದರೆ ಸಿಕ್ಕದ್ದನ್ನು ಚುಚ್ಚಬೇಡ. ವೋಲ್ಟು ಸರಿಸಮ ಇರಬೇಕು. ಆಂಪಿಯರು ಹೆಚ್ಚಿದ್ದರೆ ನಡೆಯುತ್ತದೆ, ಕಡಿಮೆ ನಡೆಯದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿಕ್ಕ ಚಿತ್ರ ಎರಡರ ಮೇಲೂ ಒಂದೇ ಇರಬೇಕು. ಇದನ್ನು ನೋಡದೆ ನಾನೊಂದು ರೇಡಿಯೋ ಸುಟ್ಟಿದ್ದೇನೆ. ಲೈನ್‌ಮನ್ ಮನೆಯಲ್ಲೇ ಹೊಗೆ ಎಂದು ನಿನ್ನ ಅಜ್ಜಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಾನು ಲೈನ್‌ಮನ್ ಆಗಿದ್ದ ನಮ್ಮ ಹುಕ್ಕೇರಿ ವಿದ್ಯುತ್ ಸೊಸೈಟಿ 1969ರಲ್ಲಿ ಹುಟ್ಟಿತು, ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಅಲ್ಲಿ ದುಡಿದಷ್ಟು ದಿನ ನಾನು ಕಲಿತದ್ದು ಇಷ್ಟೇ: ಯಾವುದೇ ಮನೆಯಲ್ಲಿ ಕತ್ತಲಾದರೆ ಮೊದಲು ಆ ಮನೆಯವರನ್ನು ಬೈಯಬಾರದು, ಕಂಬದಿಂದ ಕಂಬಕ್ಕೆ ನಡೆದು ನೋಡಬೇಕು. ನಿನ್ನೆ ನೀನು, "ನನಗ ಇದೆಲ್ಲಾ ಬರೂದಿಲ್ಲ ಅಜ್ಜಾ" ಅಂದಿ. ಕೀಬೋರ್ಡಿನ ಹಸಿವನ್ನು ನಿನ್ನ ದಡ್ಡತನವೆಂದು ಬರೆದುಕೊಂಡಿದ್ದೀ. ಆ ಸಾಲು ಹೊಡೆದುಹಾಕು.

ಸೂಟಿಗೆ ಬರುವಾಗ ಎಲ್ಲ ಕಟ್ಟಿಕೊಂಡು ಬಾ, ಗೋಕಾಕದಲ್ಲಿ ಬಸ್ ಬದಲಿಸುವಾಗ ಕರದಂಟು ಮರೆಯಬೇಡ. ಪಡಸಾಲೆಯಲ್ಲಿ ನೀನು ನಿನ್ನ ಪೇಟಿ ಇಡು, ನಾನೂ ಎರಡು ಮನೆ ಒತ್ತಿ ನೋಡುತ್ತೇನೆ. ಬಲಗೈ ಸುದ್ದಿ ಕಳಿಸೀತು, ಎಡಗೈ ಮಾತ್ರ ಸುಮ್ಮನಿರಲಾರದು, ಗಾಳಿಯಲ್ಲೇ ತಿದಿ ಒತ್ತುತ್ತಿರುತ್ತದೆ. ನಗಬೇಡ.

ನಿನ್ನ ಅಜ್ಜಾ