ಬೆಳಕಿನ ದಾರಿಯ ಹೊತ್ತು: ಒಂದು ತಿದ್ದುಪಡಿ

ಶನಿವಾರದ ವಿಜ್ಞಾನಕೂಟದಲ್ಲಿ ನಮ್ಮಿಂದ ಪಾಠ ಕೇಳಿದ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಒಂದು ತಿದ್ದುಪಡಿಯನ್ನು ಸಲ್ಲಿಸಬೇಕಾಗಿದೆ. ಚಲಿಸುವವರ ಗಡಿಯಾರವು ನಿಧಾನವಾಗಿ ಕಾಣುವುದು ಬೆಳಕು ತಡವಾಗಿ ಬಂದು ಸೇರುವುದರಿಂದಲೇ ಎಂದು ನಾವು ಹಲವು ವರ್ಷ ಹೇಳಿಕೊಟ್ಟೆವು. ಅದು ತಪ್ಪು.

ಬೆಳಕಿಗೆ ದಾರಿ ಸಾಗಲು ಹೊತ್ತು ಬೇಕೆಂಬುದೇನೋ ದಿಟ. 2014ನೆಯ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳಗ್ರಹವನ್ನು ಸೇರಿದಾಗ ಅದು ನಮಗೆ 22 ಕೋಟಿ ಕಿಲೋಮೀಟರಿಗೂ ಮಿಕ್ಕಿ ದೂರವಿತ್ತು. ಬೆಳಕಿನ ವೇಗದಲ್ಲಿಯೇ ಸಾಗುವ ರೇಡಿಯೋ ಸಂಕೇತವು ಅಲ್ಲಿಂದ ಭೂಮಿಯನ್ನು ಮುಟ್ಟಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯಿತು. ಆದಕಾರಣ ಎಂಜಿನನ್ನು ಉರಿಸುವ ಆಜ್ಞೆಗಳನ್ನು ಮುಂಚಿತವಾಗಿಯೇ ನೌಕೆಗೆ ಕಳುಹಿಸಿಟ್ಟಿದ್ದರು. ಆದರೆ ಕಾಗದವು ತಡವಾಗಿ ಬಂದಿತೆಂದು ಬರೆದವಳ ಗಡಿಯಾರವನ್ನು ದೂರಲಾಗದಷ್ಟೆ.

ವರದಮೂಲದಲ್ಲಿ ಹುಟ್ಟುವ ನಮ್ಮ ವರದೆಯು ಮಳೆಗಾಲದಲ್ಲಿ ತುಂಬಿ ಹರಿಯುವಾಗ, ದೋಣಿಯು ಹೊಳೆಯ ವೇಗವನ್ನೂ ಕೂಡಿಸಿಕೊಂಡು ಓಡುವುದು. ಬೆಳಕು ಹಾಗಲ್ಲ. ದೀಪ ಹಿಡಿದವಳು ನಿಂತಿರಲಿ, ಓಡುತ್ತಿರಲಿ, ಅಳೆಯುವವರೆಲ್ಲರಿಗೂ ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರೇ. 1905ರಲ್ಲಿ ಐನ್‌ಸ್ಟೀನರು ಇದನ್ನೇ ಆಧಾರವಾಗಿ ಹಿಡಿದರು.

ಅಕ್ಕನು ವರದಮೂಲದ ಕೊಳದ ಮೆಟ್ಟಿಲಲ್ಲಿ ನಿಂತಿರಲಿ. ತಂಗಿಯು ಬೆಳಕಿನ ವೇಗದ ಐದರಲ್ಲಿ ಮೂರು ಪಾಲಿನಿಂದ ದೂರ ಸಾಗಲಿ. (ಅಂತಹ ವಾಹನವೆಲ್ಲಿದೆಯೆಂದು ಹುಡುಗಿಯರು ನಗುವರು, ನಗಲಿ.) ಹೊರಡುವಾಗ ಇಬ್ಬರ ಗಡಿಯಾರವೂ ಸೊನ್ನೆ. ತನ್ನ ಗಡಿಯಾರವು 8 ನಿಮಿಷ ತೋರಿದಾಗ ತಂಗಿಯು ದೀಪ ಮಿನುಗಿಸುವಳು. ಅಕ್ಕನಿಗೆ ಅದು ಕಾಣುವುದು 16ನೆಯ ನಿಮಿಷದಲ್ಲಿ. ಹೆಚ್ಚಿನ 8 ನಿಮಿಷವೆಲ್ಲ ಬೆಳಕಿನ ದಾರಿಗೆ ಎಂದು ಹೇಳಿ ನಾವು ಪಾಠ ಮುಗಿಸುತ್ತಿದ್ದೆವು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಅಮ್ಮಾ, ತಂಗಿ ಮರಳಿ ಬರುವಾಗ ದಾರಿ ಕಿರಿದಾಗುತ್ತಾ ಹೋಗುವುದಲ್ಲವೇ? ಆಗ ಅವಳ ಗಡಿಯಾರ ಬೇಗ ನಡೆಯುವುದೇ?” ನಮಗೆ ಉತ್ತರ ತೋಚಲಿಲ್ಲ.

ಮನೆಯಲ್ಲಿ ಕುಳಿತು ಲೆಕ್ಕ ಮಾಡಿದೆವು. ಅಕ್ಕನ ಗಡಿಯಾರದಂತೆ ತಂಗಿ 10 ನಿಮಿಷ ಸಾಗಿದರೆ, ಅಲ್ಲಿಂದ ಬೆಳಕು ಹಿಂದಿರುಗಲು 6 ನಿಮಿಷ, ಕೂಡಿದರೆ 16. ದಾರಿಯ 6ನ್ನು ಕಳೆದರೆ ಉಳಿಯುವುದು 10, ತಂಗಿಯ 8 ಅಲ್ಲ. ಆ 2 ನಿಮಿಷವನ್ನು ಬೆಳಕಿನ ತಡದ ಮೇಲೆ ಹೊರಿಸಲು ಬಾರದು. ಅದೇ ವೇಗದಿಂದ ಮರಳಿ ಬರುವಾಗ, ತಂಗಿಯು 8 ನಿಮಿಷಕ್ಕೊಮ್ಮೆ ಮಿನುಗಿಸಿದರೂ ಅಕ್ಕನಿಗೆ 4 ನಿಮಿಷಕ್ಕೊಮ್ಮೆ ಕಾಣುವುದು. ಗಡಿಯಾರವು ಬೇಗ ನಡೆವಂತೆ ತೋರಿತಷ್ಟೆ. ದಾರಿಯಲ್ಲಿ ಉಳಿದ 6ನ್ನು ಕೂಡಿಸಿದರೆ ಮತ್ತೆ ಅದೇ 10.

ಆ ಟಿಪ್ಪಣಿಪುಸ್ತಕವನ್ನು ಇಂದಿಗೂ ಜೋಪಾನ ಮಾಡಿರುವವರು ನಮ್ಮ ಹಳೆಯ ವಾಕ್ಯವನ್ನು ಹೊಡೆದುಹಾಕಿ ಈ ಲೆಕ್ಕವನ್ನು ಬರೆದುಕೊಳ್ಳಿರಿ. ಪ್ರಶ್ನೆ ಕೇಳಿದವಳಿಗೆ ಮುಂದಿನ ಶನಿವಾರವೇ ಉತ್ತರ ಹೇಳಿದ್ದೇವೆ.