ಕಣದ ಬಗ್ಗಡ ಬಿರಿಯುವುದೇಕೆ?

ಸಾರಿಸಿದ ಕಣ ಬಿರುಕು ಬಿಟ್ಟರೆ ರಾಗಿ ಅದರೊಳಗೆ ಸೇರುತ್ತದೆ. ಗುಡಿಸಿ ತೆಗೆದರೆ ಮಣ್ಣೂ ಜೊತೆಗೆ ಬರುತ್ತದೆ. ದೋಷವಿರುವುದು ಬಗ್ಗಡದ ಹದದಲ್ಲಿ. ನೀರು ಸ್ವಲ್ಪ ಇಳಿಜಾರಿದ್ದರೂ ಹರಿಯುತ್ತದೆ. ಮಣ್ಣು, ಸಗಣಿ ಕಲಸಿದ ಬಗ್ಗಡ ಹಾಗಲ್ಲ. ತಕ್ಕಷ್ಟು ಒತ್ತಡ ಬಿದ್ದರೆ ಮಾತ್ರ ಕದಲುತ್ತದೆ. ಸುರಿದ ಗುಡ್ಡೆ ಅರ್ಧ ಹರಡಿ ನಿಂತುಬಿಡುವುದು ಇದರಿಂದಲೇ. ತೀರ ಗಟ್ಟಿಯಾದುದನ್ನು ಕೈಯಿಂದ ಎಳೆದರೆ ಹಿಗ್ಗದೆ ಸೀಳುತ್ತದೆ. ಒಣ ನೆಲ ಅದರ ನೀರನ್ನು ಹೀರಿಕೊಂಡರೂ ಹೀಗೆಯೇ. ಆದುದರಿಂದ ಮೊದಲು ನೆಲಕ್ಕೆ ನೀರು ಚಿಮುಕಿಸಿರಿ.

ಹಾಗೆಂದು ಬಗ್ಗಡಕ್ಕೇ ನೀರು ಹೆಚ್ಚಿಸಿದರೆ ಸಲೀಸಾಗಿ ಹರಡೀತು, ಆದರೆ ಒಣಗುವಾಗ ಜೇಡಿ ಕುಗ್ಗುತ್ತದೆ, ಅಡಿಯ ನೆಲ ಅದನ್ನು ಬಿಡುವುದಿಲ್ಲ, ನಡುವೆ ಬಿರಿಯುತ್ತದೆ. ಕಪ್ಪು ಮಣ್ಣಿನ ವಿಷಯವಂತೂ ಹೇಳಬೇಕಾದುದೇ ಇಲ್ಲ. ಮರಳು ಕುಗ್ಗುವುದಿಲ್ಲ, ಸಗಣಿಯ ನಾರು ಮಣ್ಣನ್ನು ಹಿಡಿದಿಡುತ್ತದೆ. ದಪ್ಪನಾಗಿ ಒಂದೇ ಸಲ ಬಳಿಯದೆ ತೆಳುವಾಗಿ ಎರಡು ಸಲ ಬಳಿಯಿರಿ. ಮರಳು ಕೆಳಪದರಕ್ಕೆ ಮಾತ್ರ ಸಾಕು. ಮೇಲೆ ಸೇರಿದರೆ ಮುದ್ದೆಯಲ್ಲಿ ಹಲ್ಲಿಗೆ ಸಿಕ್ಕೀತು! ಮೊದಲು ಮೊರದಗಲ ಜಾಗದಲ್ಲಿ ಬಳಿದು, ಒಣಗಿಸಿ ನೋಡಿರಿ.